ಬಾವಿಗೆ ಬೆಲೆ ಕಟ್ಟಿದ ಕೊಳವೆ

2015ರ ಸೆಪ್ಟೆಂಬರ್‌ನಲ್ಲಿ ಸ್ಟೋನ್ ಎನರ್ಜಿ ಎಂಬ ಕಂಪನಿ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿದ್ದ ತನ್ನ ಅನಿಲ ಬಾವಿಗಳನ್ನು ತಾನೇ ಬಂದ್ ಮಾಡಿತು. ಆ ಗುಡ್ಡಗಾಡಿನ ಕ್ಷೇತ್ರಕ್ಕೆ ಮೇರಿ ಎಂದು ಹೆಸರು. ಬಾವಿಗಳು ಬತ್ತಿರಲಿಲ್ಲ, ಅಪಘಾತವಾಗಿರಲಿಲ್ಲ, ಸರ್ಕಾರ ಬೀಗ ಜಡಿದಿರಲಿಲ್ಲ. ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಬಾವಿಯಿಂದ ಬಾವಿಗೆ ಹೋಗಿ ಅನಿಲವನ್ನು ಒಟ್ಟುಮಾಡುವ ಸಣ್ಣ ಕೊಳವೆಗಳಿಗೆ ಬಾಡಿಗೆ, ಅದರಲ್ಲಿನ ದ್ರವಾಂಶವನ್ನು ಬೇರ್ಪಡಿಸುವ ಘಟಕಕ್ಕೆ ಶುಲ್ಕ, ಅಲ್ಲಿಂದ ಮುಂದೆ ದೊಡ್ಡ ಮಾರ್ಗಕ್ಕೆ ಸಾಗಣೆ ವೆಚ್ಚ, ಇಷ್ಟನ್ನೂ ಕಳೆದರೆ ಮಾರಿದ ಅನಿಲದಿಂದ ಕೈಗೆ ಏನೂ ಗಿಟ್ಟುತ್ತಿರಲಿಲ್ಲ. ಒಟ್ಟುಕೊಳವೆಗಳ ಒಡೆಯನಾಗಿದ್ದ ವಿಲಿಯಮ್ಸ್ ಕಂಪನಿ ದರದಲ್ಲಿ ಒಂದಿಷ್ಟು ಸಡಿಲಿಕೆ ಕೊಟ್ಟ ಮೇಲೆ, ಮುಂದಿನ ಬೇಸಿಗೆಯಲ್ಲಿ ಬಾವಿಗಳು ಮತ್ತೆ ತೆರೆದವು. ಅಷ್ಟರಲ್ಲಿ ಕಂಪನಿ ನೆಲ ಕಚ್ಚಿತ್ತು. 2016ರ ಡಿಸೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ಸ್ಟೋನ್ ಕುಳಿತಿದ್ದದ್ದು ಜಗತ್ತಿನ ಅತಿ ಸಮೃದ್ಧ ಅನಿಲ ನಿಕ್ಷೇಪಗಳಲ್ಲೊಂದರ ಮೇಲೆ. ಅಪಲಾಚಿಯನ್ ಬೆಟ್ಟಸಾಲಿನ ಅಡಿಯಲ್ಲಿ ನ್ಯೂಯಾರ್ಕ್‌ನಿಂದ ಪೆನ್ಸಿಲ್ವೇನಿಯಾ, ಓಹಾಯೊ, ಪಶ್ಚಿಮ ವರ್ಜೀನಿಯಾಗಳ ಉದ್ದಕ್ಕೂ ಹಾಸಿಕೊಂಡಿರುವ ಕಪ್ಪು ಜೇಡಿಗಲ್ಲಿನ ಪದರಕ್ಕೆ ಮಾರ್ಸೆಲಸ್ ಶೇಲ್ ಎಂದು ಹೆಸರು. ನ್ಯೂಯಾರ್ಕ್ ರಾಜ್ಯದ ಮಾರ್ಸೆಲಸ್ ಎಂಬ ಊರಿನ ಬಳಿ ಅದು ನೆಲದ ಮೇಲೆ ತಲೆ ತೋರಿಸುತ್ತದೆ. ಅಲ್ಲಿ ಅನಿಲವಿದೆ ಎಂಬುದು ಭೂವಿಜ್ಞಾನಿಗಳಿಗೆ ಹಳೆಯ ಸಂಗತಿ. ಅದನ್ನು ಲಾಭಕ್ಕೆ ತೆಗೆಯುವ ದಾರಿ ಗೊತ್ತಿರಲಿಲ್ಲ. 2004ರಲ್ಲಿ ರೇಂಜ್ ರಿಸೋರ್ಸಸ್ ಎಂಬ ಮಧ್ಯಮ ಗಾತ್ರದ ಕಂಪನಿ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯ ರೆಂಜ್ ಬಾವಿಯಲ್ಲಿ, ನೀರು ಮರಳುಗಳ ಮಿಶ್ರಣವನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಬಿರಿಸುವ ಟೆಕ್ಸಾಸ್ ವಿದ್ಯೆಯನ್ನು ಪ್ರಯೋಗಿಸಿತು. ಅನಿಲ ಬಂತು. 2008ರ ಆರಂಭದಲ್ಲಿ ಟೆರಿ ಎಂಗೆಲ್ಡರ್ ಮತ್ತು ಗ್ಯಾರಿ ಲ್ಯಾಶ್ ಎಂಬ ಇಬ್ಬರು ಪ್ರಾಧ್ಯಾಪಕರು, ಆ ಪದರದಲ್ಲಿ 500 ಲಕ್ಷ ಕೋಟಿ ಘನ ಅಡಿ ಅನಿಲ ಅಡಗಿರಬಹುದು, ಅದರಲ್ಲಿ ಹತ್ತನೇ ಒಂದು ಭಾಗ ಹೊರತೆಗೆದರೂ ಸಾಕು, ದೇಶಕ್ಕೆ ಎರಡು ವರ್ಷ ಬಳಸುವಷ್ಟಾಗುತ್ತದೆ ಎಂದರು. ಭೂಮಿಯ ಬೆಲೆ ಒಮ್ಮೆಗೇ ಮೇಲೆದ್ದಿತು.

ನಮ್ಮಲ್ಲಿ ನೆಲದಡಿಯ ಅನಿಲ, ತೈಲ ಸರ್ಕಾರದ್ದು. ಅಮೆರಿಕದಲ್ಲಿ ಸಾಮಾನ್ಯವಾಗಿ ಜಮೀನಿನವನದ್ದೇ. ಹಾಗಾಗಿ ಹೈನುಗಾರರ ಅಡುಗೆಮನೆಯ ಮೇಜಿನ ಮುಂದೆ ಗುತ್ತಿಗೆ ಪತ್ರ ಹಿಡಿದ ಏಜೆಂಟರು ಬಂದು ಕೂತರು. ಪೆನ್ಸಿಲ್ವೇನಿಯಾದ ಕಾನೂನಿನಂತೆ ಮಾಲೀಕನಿಗೆ ಎಂಟನೇ ಒಂದು ಪಾಲು ರಾಯಧನ ಕೊಡಲೇಬೇಕು. ಆದರೆ ಅದು ಯಾವ ಬೆಲೆಯ ಎಂಟನೇ ಒಂದು ಪಾಲು? 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಬಾವಿಯಿಂದ ಮಾರುಕಟ್ಟೆ ಮುಟ್ಟಿಸುವ ಖರ್ಚನ್ನು ಕಳೆದೇ ಪಾಲು ಲೆಕ್ಕ ಹಾಕಬಹುದು ಎಂದು ತೀರ್ಪಿತ್ತಿತು. ಅಲ್ಲಿಂದ ಮುಂದೆ ತಿಂಗಳ ರಾಯಧನದ ಚೀಟಿಯಲ್ಲಿ ಒಟ್ಟುಗೂಡಿಸಿದ್ದಕ್ಕೆ ಇಷ್ಟು, ಒತ್ತಡ ಏರಿಸಿದ್ದಕ್ಕೆ ಇಷ್ಟು, ಸಾಗಿಸಿದ್ದಕ್ಕೆ ಇಷ್ಟು ಎಂಬ ಕಡಿತಗಳ ಸಾಲು ಕಾಣತೊಡಗಿತು. ಕೊಳವೆಯ ಬಾಡಿಗೆ ರೈತನ ಜೇಬಿಗೂ ಕೈ ಹಾಕಿತ್ತು. ಈ ಕಡಿತಗಳ ಜಗಳ ಎಷ್ಟು ಬೆಳೆಯಿತೆಂದರೆ, 2015ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಅವರೇ ದೊಡ್ಡ ಉತ್ಪಾದಕ ಚೆಸಪೀಕ್ ಮೇಲೆ ದಾವೆ ಹೂಡಿದರು.

2010 ಮಾರಾಟದ ವರ್ಷ. ಟೆರಿ ಪೆಗುಲಾ 1983ರಲ್ಲಿ ಬಂಧುಮಿತ್ರರಿಂದ 7,500 ಡಾಲರ್ ಸಾಲ ಎತ್ತಿ ಶುರು ಮಾಡಿದ್ದ ಈಸ್ಟ್ ರಿಸೋರ್ಸಸ್ ಕಂಪನಿಯನ್ನು ಶೆಲ್ 470 ಕೋಟಿ ಡಾಲರ್‌ಗೆ ಕೊಂಡಿತು. ಪೆಗುಲಾ ಆ ದುಡ್ಡಿನಲ್ಲಿ ಬಫಲೊ ನಗರದ ಐಸ್ ಹಾಕಿ ತಂಡವನ್ನೂ ಆಮೇಲೆ ಫುಟ್‌ಬಾಲ್ ತಂಡವನ್ನೂ ತಮ್ಮದಾಗಿಸಿಕೊಂಡರು. ಪಿಟ್ಸ್‌ಬರ್ಗ್ ಬಳಿಯ ಅಟ್ಲಾಸ್ ಎನರ್ಜಿ ತನ್ನ ಮಾರ್ಸೆಲಸ್ ಜಮೀನಿನ ಶೇ. 40 ಪಾಲನ್ನು ಏಪ್ರಿಲ್‌ನಲ್ಲಿ ನಮ್ಮ ಮುಂಬಯಿಯ ರಿಲಯನ್ಸ್‌ಗೆ ಮಾರಿತು. ಒಟ್ಟು 170 ಕೋಟಿ ಡಾಲರ್. ಅದರಲ್ಲಿ 34 ಕೋಟಿ ನಗದು, ಉಳಿದದ್ದು ಅಟ್ಲಾಸ್ ಪರವಾಗಿ ಬಾವಿ ಕೊರೆಸಲು ಭರಿಸುವ ವೆಚ್ಚ. ಏಳು ತಿಂಗಳ ತರುವಾಯ ಅಟ್ಲಾಸನ್ನೇ ಷೆವ್ರಾನ್ ಸಾಲಸಮೇತ 430 ಕೋಟಿ ಡಾಲರ್‌ಗೆ ನುಂಗಿತು. ಆಗಿನ ಸುದ್ದಿಗಳಲ್ಲೆಲ್ಲ ಎಣಿಕೆ ಎಕರೆಗಳದ್ದು: ಎಷ್ಟು ಲಕ್ಷ ಎಕರೆ, ಎಕರೆಗೆ ಎಷ್ಟು ಸಾವಿರ ಡಾಲರ್. ಅಷ್ಟು ಅನಿಲ ಹೊರಡುವ ದಾರಿ ಯಾವುದು ಎಂಬ ಪ್ರಶ್ನೆಗೆ ತಲೆಬರಹದಲ್ಲಿ ಜಾಗವಿರಲಿಲ್ಲ. ನ್ಯೂಯಾರ್ಕ್, ಬಾಸ್ಟನ್‌ಗಳಂಥ ಹೊಟ್ಟೆಬಾಕ ಪೇಟೆಗಳು ಪಕ್ಕದಲ್ಲೇ ಇದ್ದವಲ್ಲ, ದಾರಿ ತಾನಾಗಿ ಆಗುತ್ತದೆ ಎಂಬ ಭಾವನೆ.

ಆ ಭಾವನೆಯನ್ನು ಪೂರ್ತಿ ಮೂರ್ಖತನ ಎನ್ನುವಂತಿಲ್ಲ. ಹಿಂದಿನ ಕಾಲದಲ್ಲಿ ದಾರಿಯ ಚಿಂತೆ ಬಾವಿಯವನದ್ದಾಗಿರಲೇ ಇಲ್ಲ. 1938ರ ನೈಸರ್ಗಿಕ ಅನಿಲ ಕಾಯ್ದೆಯ ಕಾಲದಿಂದ ಸುಮಾರು ಅರ್ಧ ಶತಮಾನ, ಕೊಳವೆ ಕಂಪನಿಯೇ ಬಾವಿಯ ಬಾಯಲ್ಲಿ ಅನಿಲ ಕೊಂಡು, ತಾನೇ ಸಾಗಿಸಿ, ಊರಿನ ವಿತರಕನಿಗೆ ಮಾರುತ್ತಿತ್ತು. ಬಾವಿಯವನಿಗೆ ಒಬ್ಬನೇ ಗಿರಾಕಿ, ಆದರೆ ಖಾತರಿ ಗಿರಾಕಿ. ಎಪ್ಪತ್ತರ ದಶಕದ ಕೊರತೆಯಿಂದ ಗಾಬರಿಗೊಂಡ ಕೊಳವೆ ಕಂಪನಿಗಳು, ಅನಿಲ ಎತ್ತಲಿ ಬಿಡಲಿ ಹಣ ಕೊಡುತ್ತೇವೆ ಎಂಬ ಕರಾರುಗಳಿಗೆ ದುಬಾರಿ ದರದಲ್ಲಿ ಸಹಿ ಹಾಕಿದವು. ಎಂಬತ್ತರ ದಶಕದಲ್ಲಿ ಬೆಲೆ ಕುಸಿದಾಗ ಆ ಕರಾರುಗಳೇ ಕುತ್ತಿಗೆಗೆ ಬಂದವು. ಅಪಲಾಚಿಯಾದ ಹಳೆಯ ದೊಡ್ಡ ಕೊಳವೆ ಜಾಲದ ಒಡೆಯ ಕೊಲಂಬಿಯಾ ಗ್ಯಾಸ್ 1991ರ ಜುಲೈಯಲ್ಲಿ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಈ ಹೊರೆಯಿಂದಲೇ.

ಮರುವರ್ಷ, 1992ರಲ್ಲಿ, ಒಕ್ಕೂಟ ಸರ್ಕಾರದ ಇಂಧನ ನಿಯಂತ್ರಣ ಆಯೋಗ 636ನೇ ಆದೇಶ ಹೊರಡಿಸಿತು. 1985ರ 436ನೇ ಆದೇಶ ಅರ್ಧ ತೆರೆದಿದ್ದ ಬಾಗಿಲನ್ನು ಅದು ಪೂರ್ತಿ ತೆರೆಯಿತು: ಇನ್ನು ಕೊಳವೆ ಕಂಪನಿ ಸಾಗಿಸುವುದಷ್ಟೇ, ಕೊಳ್ಳುವ ಮಾರುವ ಉಸಾಬರಿ ಅದಕ್ಕಿಲ್ಲ. ಜಾಗ ಬೇಕಾದವರು ಮುಂಗಡ ಕಾಯ್ದಿರಿಸಿಕೊಳ್ಳಬೇಕು. ಕಾಯ್ದಿರಿಸಿದ ಮೇಲೆ ಅನಿಲ ಕಳಿಸಿದರೂ ಬಿಟ್ಟರೂ ತಿಂಗಳ ಬಾಡಿಗೆ ಕಟ್ಟಬೇಕು; ಕರಾರು ಹತ್ತು, ಹದಿನೈದು, ಇಪ್ಪತ್ತು ವರ್ಷದ್ದು. ಕಾಯ್ದಿರಿಸದವನು ಉಳಿದ ಜಾಗಕ್ಕೆ ಕಾಯಬೇಕು, ಕೊಳವೆ ತುಂಬಿದ ದಿನ ಮೊದಲು ಹೊರಬೀಳುವುದು ಅವನ ಅನಿಲ. ಹೊಸ ಕೊಳವೆ ಹಾಕಬೇಕಿದ್ದರೆ ಇಷ್ಟು ಜನ ಇಷ್ಟು ವರ್ಷ ಬಾಡಿಗೆ ಕಟ್ಟುತ್ತಾರೆ ಎಂಬ ಸಹಿಗಳು ಮೊದಲು ಬೇಕು. ಆ ಸಹಿಗಳನ್ನು ನೋಡಿ ಬ್ಯಾಂಕು ಸಾಲ ಕೊಡುತ್ತದೆ. ಸಣ್ಣ ಕಂಪನಿಯ ಸಹಿಗೆ ಬ್ಯಾಂಕಿನಲ್ಲಿ ಬೆಲೆ ಕಡಿಮೆ. ಅದು ಠೇವಣಿ ಇಡಬೇಕು, ಅಥವಾ ದೊಡ್ಡವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಮಂಡ್ಯದ ಕಬ್ಬು ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯ ಕಟಾವು ಪರ್ಮಿಟ್ ಕೈಗೆ ಬಾರದೆ ಗದ್ದೆಯಲ್ಲಿ ನಿಂತ ಬೆಳೆ ಎಷ್ಟು ಬಾಳುತ್ತದೆಂದು ಅವನಿಗೆ ಗೊತ್ತು.

2010ರಲ್ಲಿ ಮಾರ್ಸೆಲಸ್‌ನಿಂದ ಬರುತ್ತಿದ್ದದ್ದು ದಿನಕ್ಕೆ ಸುಮಾರು 200 ಕೋಟಿ ಘನ ಅಡಿ. 2014ರ ಜುಲೈ ಹೊತ್ತಿಗೆ ಅದು 1,500 ಕೋಟಿ ದಾಟಿತು. ಕೊಳವೆಗಳು ಆ ವೇಗದಲ್ಲಿ ಬೆಳೆಯಲಿಲ್ಲ. ದೇಶದ ಅನಿಲ ಬೆಲೆಯ ಅಳತೆಗೋಲು ಲೂಯಿಸಿಯಾನದ ಹೆನ್ರಿ ಹಬ್ ಎಂಬ ಕೂಡುನೆಲೆ. ಅಲ್ಲಿನ ಬೆಲೆಗೂ ಪೆನ್ಸಿಲ್ವೇನಿಯಾದ ಡೊಮಿನಿಯನ್ ಸೌತ್, ಲೈಡಿ ಮೊದಲಾದ ಕಡೆಯ ಬೆಲೆಗೂ ಇರುವ ಅಂತರವನ್ನು ವ್ಯಾಪಾರಿಗಳು ಬೇಸಿಸ್ ಎನ್ನುತ್ತಾರೆ. ಅಮೆರಿಕದ ಈಶಾನ್ಯಕ್ಕೆ ಮೊದಲೆಲ್ಲ ಅನಿಲ ದೂರದಿಂದ ಬರಬೇಕಿದ್ದುದರಿಂದ ಅಲ್ಲಿನ ಬೆಲೆ ಹೆನ್ರಿ ಹಬ್‌ಗಿಂತ ಮೇಲಿರುತ್ತಿತ್ತು. ಈಗ ತಿರುಗುಮುರುಗಾಯಿತು. 2015ರ ಶರತ್ಕಾಲದಲ್ಲಿ ಹೆನ್ರಿ ಹಬ್ ಬೆಲೆಯೇ ಪಾತಾಳದಲ್ಲಿದ್ದಾಗ, ಪೆನ್ಸಿಲ್ವೇನಿಯಾದ್ದು ಅದರ ಅರ್ಧಕ್ಕೆ ಇಳಿದ ದಿನಗಳಿದ್ದವು. ಸ್ಟೋನ್ ಕಂಪನಿ ಬಾವಿ ಮುಚ್ಚಿದ್ದು ಆಗಲೇ.

ಈ ಕಥೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯದ್ದೆನಿಸುವುದು ರಾಕೀಸ್ ಎಕ್ಸ್‌ಪ್ರೆಸ್ ಎಂಬ ಕೊಳವೆಯ ಪಾಡು. ಮಾರ್ಸೆಲಸ್‌ಗೆ ಮುಂಚೆ ಇದೇ ಇಕ್ಕಟ್ಟು ಪಶ್ಚಿಮದಲ್ಲಿತ್ತು. ವಯೋಮಿಂಗ್, ಕೊಲೊರಾಡೊಗಳಲ್ಲಿ ಅನಿಲ ಧಾರಾಳ, ಹೊರದಾರಿ ಕಿರಿದು. 2007ರ ಶರತ್ಕಾಲದಲ್ಲಿ ಅಲ್ಲಿ ಬೆಲೆ ಹತ್ತು ಲಕ್ಷ ಬಿಟಿಯುಗೆ (ಬಿಟಿಯು ಅನಿಲದ ಶಾಖದ ಅಳತೆ) ಒಂದು ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಆ ಅನಿಲವನ್ನು ಹಸಿದ ಪೂರ್ವಕ್ಕೆ ಮುಟ್ಟಿಸಲೆಂದು ಸುಮಾರು 2,700 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. ಅದು 2009ರ ನವೆಂಬರ್‌ನಲ್ಲಿ ಪೂರ್ಣಗೊಂಡು ಓಹಾಯೊ ರಾಜ್ಯದ ಕ್ಲಾರಿಂಗ್ಟನ್ ಎಂಬಲ್ಲಿಗೆ ಬಂದು ಮುಟ್ಟಿತು. ಕ್ಲಾರಿಂಗ್ಟನ್ ಇರುವುದು ಓಹಾಯೊ ನದಿಯ ದಂಡೆಯಲ್ಲಿ. ನದಿ ದಾಟಿದರೆ ಪಶ್ಚಿಮ ವರ್ಜೀನಿಯಾ, ಮಾರ್ಸೆಲಸ್‌ನ ಹೊಟ್ಟೆ. ಹಸಿದವರ ಊರೆಂದು ಅನ್ನ ಹೊತ್ತು ಬಂದರೆ ಅದು ಭತ್ತದ ಕಣಜದ ಬಾಗಿಲಾಗಿತ್ತು. ಐದಾರು ವರ್ಷದಲ್ಲಿ ಅದೇ ಕೊಳವೆಯ ಪೂರ್ವಭಾಗದ ಹರಿವನ್ನು ತಿರುಗಿಸಿ, ಅಪಲಾಚಿಯಾದ ಅನಿಲವನ್ನು ಪಶ್ಚಿಮಕ್ಕೆ ಹೊರಡಿಸಿದರು. ಕೊಳವೆಯ ಒಡೆಯರಿಗೆ ಎರಡೂ ದಿಕ್ಕಿನ ಬಾಡಿಗೆ.

ಪೆಟ್ಟು ಬಿದ್ದದ್ದು ಜಾಗ ಕಾಯ್ದಿರಿಸಿದ್ದವರಿಗೆ. ವಯೋಮಿಂಗ್‌ನ ಪೈನ್‌ಡೇಲ್ ಕ್ಷೇತ್ರವನ್ನು ನಂಬಿದ್ದ ಅಲ್ಟ್ರಾ ಪೆಟ್ರೋಲಿಯಂ ಅವರಲ್ಲೊಂದು. ಪೂರ್ವದಲ್ಲಿ ಅನಿಲ ಅಗ್ಗವಾದ ಮೇಲೆ ಅಲ್ಲಿಗೆ ಸಾಗಿಸುವ ಹಕ್ಕಿಗೆ ಏನು ಬೆಲೆ? ಬಾಡಿಗೆ ಮಾತ್ರ ತಪ್ಪುವಂತಿರಲಿಲ್ಲ. 2016ರಲ್ಲಿ ಅಲ್ಟ್ರಾ ದಿವಾಳಿಯೆದ್ದಾಗ ಕೊಳವೆ ಕಂಪನಿ 30 ಕೋಟಿ ಡಾಲರ್‌ಗೂ ಹೆಚ್ಚಿನ ಬಾಕಿ ಕೇಳಿ, 15 ಕೋಟಿಗೆ ರಾಜಿಯಾಯಿತು. ಜತೆಗೆ ಹೊಸದೊಂದು ಏಳು ವರ್ಷದ ಕರಾರಿಗೂ ಸಹಿ ಹಾಕಿಸಿಕೊಂಡಿತು. 2020ರಲ್ಲಿ ಅಲ್ಟ್ರಾ ಎರಡನೇ ಬಾರಿ ದಿವಾಳಿಯಾಯಿತು, ಆ ಕರಾರನ್ನು ಕೈಬಿಡಲು ನ್ಯಾಯಾಲಯದ ಒಪ್ಪಿಗೆ ಬೇಡಿತು. ಕೊಳವೆಯಲ್ಲಿ ಜಾಗವಿಲ್ಲದ ಕಂಪನಿಯನ್ನು ಯಾರೂ ಕೊಳ್ಳುವುದಿಲ್ಲ ನಿಜ. ತಪ್ಪು ದಿಕ್ಕಿನ ಕೊಳವೆಯಲ್ಲಿ ಹೆಚ್ಚು ಜಾಗ ಹಿಡಿದು ಕೂತ ಕಂಪನಿಯ ಹತ್ತಿರವೂ ಗಿರಾಕಿ ಸುಳಿಯುವುದಿಲ್ಲ. ಮಾರ್ಸೆಲಸ್‌ಗೆ ಮೊದಲು ಕೈ ಹಾಕಿದ ರೇಂಜ್ ಕೂಡ ಇದನ್ನು ಉಂಡಿತು. 2016ರಲ್ಲಿ 400 ಕೋಟಿ ಡಾಲರ್‌ಗೂ ಮಿಕ್ಕಿ ಕೊಟ್ಟು ಲೂಯಿಸಿಯಾನದಲ್ಲಿ ಕೊಂಡ ಆಸ್ತಿಯನ್ನು 2020ರಲ್ಲಿ 24.5 ಕೋಟಿಗೆ ಮಾರಿತು. ಬಾವಿಗಳು ಕೈಬಿಟ್ಟವು, ಅಲ್ಲಿನ ಒಟ್ಟುಕೊಳವೆ, ಘಟಕಗಳಿಗೆ ಕಟ್ಟಬೇಕಿದ್ದ ಕನಿಷ್ಠ ಬಾಡಿಗೆಯ ಹೊಣೆಯ ಬಹುಪಾಲು ಕೈಯಲ್ಲೇ ಉಳಿಯಿತು.

2016ರ ಮಾರ್ಚ್‌ನಲ್ಲಿ, ಸ್ಟೋನ್ ಬಾವಿಗಳು ಇನ್ನೂ ಮುಚ್ಚಿದ್ದಾಗ, ಕೆನಡಾದ ಟ್ರಾನ್ಸ್‌ಕೆನಡಾ ಕಂಪನಿ ಕೊಲಂಬಿಯಾ ಕೊಳವೆ ಜಾಲವನ್ನು ಸಾಲಸಮೇತ 1,300 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಕಾಲು ಶತಮಾನದ ಹಿಂದೆ ದಿವಾಳಿಯಾಗಿದ್ದ ಅದೇ ಕೊಲಂಬಿಯಾ. ಅನಿಲ ಸೋವಿಯಾದಷ್ಟೂ ಅದನ್ನು ಹೊರಸಾಗಿಸುವ ಜಾಗ ತುಟ್ಟಿಯಾಗಿತ್ತು. ಮಾರಾಟಕ್ಕಿಟ್ಟ ಸ್ಟೋನ್ ಕಂಪನಿಯ ಅಪಲಾಚಿಯಾ ಆಸ್ತಿಗೆ ಮೊದಲು ಬಂದ ಕೂಗು, ಟಗ್ ಹಿಲ್ ಎಂಬ ಖಾಸಗಿ ಸಂಸ್ಥೆಯದು, 36 ಕೋಟಿ ಡಾಲರ್. 2017ರ ಫೆಬ್ರುವರಿಯ ಹರಾಜಿನಲ್ಲಿ ಪಿಟ್ಸ್‌ಬರ್ಗ್‌ನ ಇಕ್ಯೂಟಿ ಅದನ್ನು 52.7 ಕೋಟಿಗೆ ಏರಿಸಿ ಗೆದ್ದಿತು. ಮುಚ್ಚಿಡಬೇಕಾಗಿ ಬಂದ ಬಾವಿಗಳಿಗೆ ಇನ್ನೊಬ್ಬರು ಅಷ್ಟು ಕೊಟ್ಟದ್ದೇಕೆ? ಇಕ್ಯೂಟಿ ಮೂಲತಃ ಪಿಟ್ಸ್‌ಬರ್ಗ್ ನಗರಕ್ಕೆ ಅನಿಲ ಹಂಚುತ್ತಿದ್ದ ಕಂಪನಿ. ಅದರ ಬಗಲಲ್ಲೇ ಸ್ವಂತ ಕೊಳವೆ ಕಂಪನಿ ಇತ್ತು. ಸ್ಟೋನ್ ಪಾಲಿಗೆ ಖರ್ಚಾಗಿದ್ದ ಸಾಗಣೆ, ಆ ಕೊಳವೆಗಳಲ್ಲಿ ಸಾಗಿದಷ್ಟರ ಮಟ್ಟಿಗೆ, ಇಕ್ಯೂಟಿಗೆ ಎಡಗೈಯಿಂದ ಬಲಗೈಗೆ ದಾಟುವ ಹಣ. ಅದೇ ವರ್ಷ ಜೂನ್‌ನಲ್ಲಿ ಇಕ್ಯೂಟಿ 670 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ರೈಸ್ ಎನರ್ಜಿಯನ್ನು ಕೊಳ್ಳಲು ಮುಂದಾಯಿತು. ಅಣ್ಣತಮ್ಮಂದಿರು ಸೇರಿ 2007ರಲ್ಲಿ ಕಟ್ಟಿದ ಆ ಕಂಪನಿ ಬಾವಿ ಕೊರೆಯುವ ಜತೆಜತೆಗೇ ತನ್ನದೇ ಒಟ್ಟುಕೊಳವೆಗಳನ್ನೂ ಹಾಕಿಕೊಂಡು ಬಂದಿತ್ತು. ಹತ್ತೇ ವರ್ಷದ ಕಂಪನಿಗೆ ಸಿಕ್ಕ ಆ ಬೆಲೆಯಲ್ಲಿ ಕೊಳವೆಗಳ ಪಾಲು ಸಣ್ಣದಲ್ಲ.

ದಾರಿ ಮಾಡಲು ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ಪೆನ್ಸಿಲ್ವೇನಿಯಾದ ಸಸ್ಕ್ವಿಹ್ಯಾನಾ ಕೌಂಟಿಯಿಂದ ನ್ಯೂಯಾರ್ಕ್ ರಾಜ್ಯಕ್ಕೆ 200 ಕಿಲೋಮೀಟರ್ ಉದ್ದದ ಕಾನ್‌ಸ್ಟಿಟ್ಯೂಷನ್ ಕೊಳವೆಗೆ ಒಕ್ಕೂಟದ ಇಂಧನ ನಿಯಂತ್ರಣ ಆಯೋಗ 2014ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2016ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ಕುಟುಂಬದ ಜಮೀನಿನಲ್ಲಿ, ಪಾಕಕ್ಕಾಗಿ ಬೆಳೆಸಿದ್ದ ನೂರಾರು ಮೇಪಲ್ ಮರಗಳನ್ನು ಕೊಳವೆಯ ಹಾದಿಗೆಂದು ಕಡಿದರು. ಮನೆಯವರು ಅಡ್ಡ ಬಾರದಂತೆ ಬಂದೂಕುಧಾರಿ ಮಾರ್ಷಲ್‌ಗಳ ಕಾವಲು. ಮರುತಿಂಗಳು ನ್ಯೂಯಾರ್ಕ್ ರಾಜ್ಯದ ಪರಿಸರ ಇಲಾಖೆ, ಹೊಳೆತೊರೆಗಳಿಗೆ ಧಕ್ಕೆ ಎಂದು ನೀರಿನ ಪ್ರಮಾಣಪತ್ರ ನಿರಾಕರಿಸಿತು. ನಾಲ್ಕು ವರ್ಷ ಕೋರ್ಟು ಕಚೇರಿ ಅಲೆದು 2020ರ ಫೆಬ್ರುವರಿಯಲ್ಲಿ ಕಂಪನಿಗಳು ಯೋಜನೆ ಕೈಬಿಟ್ಟವು. ಮರ ಹೋಯಿತು, ಕೊಳವೆ ಬರಲಿಲ್ಲ. ವಿರೋಧಿಸಿದವರ ಅಂಜಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ; ಅದೇ ಕೌಂಟಿಯ ಡಿಮಾಕ್ ಎಂಬ ಹಳ್ಳಿಯಲ್ಲಿ ಬಾವಿನೀರಿಗೆ ಮೀಥೇನ್ ಸೇರಿದ ಪ್ರಕರಣ ಆಗಲೇ ದೇಶದ ಬಾಯಲ್ಲಿತ್ತು. ಇತ್ತ 2018ರ ಜನವರಿಯ ಚಳಿಗೆ ನ್ಯೂಯಾರ್ಕ್ ನಗರದ ಅನಿಲ ಬೆಲೆ ಹತ್ತು ಲಕ್ಷ ಬಿಟಿಯುಗೆ 140 ಡಾಲರ್ ಮುಟ್ಟಿತು. ಅದೇ ತಿಂಗಳು ಬಾಸ್ಟನ್ ಬಂದರಿಗೆ ಬಂದ ಹಡಗೊಂದರಲ್ಲಿ ರಷ್ಯಾದ ಯಮಾಲ್‌ನ ದ್ರವೀಕೃತ ಅನಿಲವಿತ್ತು. ಅಲ್ಲಿಂದ ಕೆಲವೇ ನೂರು ಕಿಲೋಮೀಟರ್ ಆಚೆ ಪೆನ್ಸಿಲ್ವೇನಿಯಾ.

ದಕ್ಷಿಣದ ದಾರಿಯೂ ಹೀಗೇ. ವರ್ಜೀನಿಯಾ, ಉತ್ತರ ಕೆರೊಲಿನಾಗಳಿಗೆ ಹೋಗಬೇಕಿದ್ದ ಅಟ್ಲಾಂಟಿಕ್ ಕೋಸ್ಟ್ ಕೊಳವೆ 2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 7–2ರಿಂದ ಗೆದ್ದಿತು. ಮೂರು ವಾರ ಕಳೆಯುವಷ್ಟರಲ್ಲಿ, ಜುಲೈ 5ರಂದು, ಒಡೆಯರೇ ಅದನ್ನು ರದ್ದು ಮಾಡಿದರು. ಐದು ನೂರು ಕೋಟಿಯೊಳಗಿದ್ದ ಅಂದಾಜು ವೆಚ್ಚ 800 ಕೋಟಿ ಡಾಲರ್‌ಗೆ ಏರಿತ್ತು, ಮುಂದಿನ ಮೊಕದ್ದಮೆಗಳು ಕಾದಿದ್ದವು.

2010ರಲ್ಲಿ ಎಕರೆ ಎಣಿಸಿ ಕೊಂಡವರು ಮಾರಿ ಹೊರಟದ್ದು 2020ರ ಆಸುಪಾಸಿನಲ್ಲೇ. ಷೆವ್ರಾನ್ ತನ್ನ ಅಪಲಾಚಿಯಾ ಆಸ್ತಿಯನ್ನೆಲ್ಲ 73.5 ಕೋಟಿ ಡಾಲರ್‌ಗೆ ಇಕ್ಯೂಟಿಗೆ ಕೊಟ್ಟಿತು. ಶೆಲ್ ತನ್ನದನ್ನು 54.1 ಕೋಟಿಗೆ ಬಫಲೊ ಸೀಮೆಯ ನ್ಯಾಷನಲ್ ಫ್ಯೂಯಲ್ ಗ್ಯಾಸ್‌ಗೆ ಮಾರಿತು. ಇದೂ ಸ್ವಂತ ಕೊಳವೆಗಳುಳ್ಳ ಕಂಪನಿಯೇ ಎಂಬುದನ್ನು ಗಮನಿಸಬೇಕು. ರಿಲಯನ್ಸ್ 170 ಕೋಟಿಗೆ ಒಪ್ಪಿ ಹಿಡಿದಿದ್ದ ಪಾಲನ್ನು 2021ರ ಆರಂಭದಲ್ಲಿ ನಾರ್ದರ್ನ್ ಆಯಿಲ್ ಆ್ಯಂಡ್ ಗ್ಯಾಸ್ ಎಂಬ ಕಂಪನಿಗೆ 25 ಕೋಟಿ ಡಾಲರ್ ನಗದು ಮತ್ತು ಒಂದಿಷ್ಟು ಷೇರು ಕೊಳ್ಳುವ ಹಕ್ಕಿಗೆ ಬಿಟ್ಟುಕೊಟ್ಟಿತು. ಪೆನ್ಸಿಲ್ವೇನಿಯಾದಲ್ಲೇ ಕ್ಯಾರಿಜೊ ಜತೆಗಿದ್ದ ಅದರ ಇನ್ನೊಂದು ಪಾಲು 2017ರಲ್ಲೇ 12.6 ಕೋಟಿಗೆ ಹೋಗಿತ್ತು. ಕೊಂಡಾಗ ಅದರ ಲೆಕ್ಕ 39.2 ಕೋಟಿ. ಈ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಸ್ವಲ್ಪ ಎಚ್ಚರವೂ ಬೇಕು. ನಡುವೆ ಕೆಲವು ಜಮೀನುಗಳು ಕೈಬದಲಾಗಿದ್ದವು, ಬಾವಿಗಳಿಂದ ವರ್ಷಗಟ್ಟಲೆ ಅನಿಲ ಬಂದಿತ್ತು, ದೇಶದಾದ್ಯಂತ ಅನಿಲ ಅಗ್ಗವಾಗಿತ್ತು, ಕೋವಿಡ್ ಬೇರೆ. ಎಲ್ಲ ಪಾಪವನ್ನೂ ಕೊಳವೆಯ ತಲೆಗೆ ಕಟ್ಟಿದರೆ ಅನ್ಯಾಯ. ಹಾಗಿದ್ದೂ ಆ ಕಾಲದಲ್ಲೇ ಲಾಭಕ್ಕೆ ಮಾರಿದವರಿದ್ದಾರೆ. ಆಲ್ಟಾ ಎಂಬ ಖಾಸಗಿ ಕಂಪನಿ 2017ರಲ್ಲಿ ಅನಾಡಾರ್ಕೊ ಬಿಟ್ಟುಹೋದ ಮಾರ್ಸೆಲಸ್ ಆಸ್ತಿಯನ್ನು 124 ಕೋಟಿ ಡಾಲರ್‌ಗೆ ಹಿಡಿದು, 2021ರಲ್ಲಿ ತನ್ನ ಅಲ್ಲಿನ ಆಸ್ತಿಯನ್ನೆಲ್ಲ ಇಕ್ಯೂಟಿಗೆ 290 ಕೋಟಿಯ ಆಸುಪಾಸಿಗೆ ಮಾರಿತು. ಆ ಆಸ್ತಿಯ ಜತೆ ಒಟ್ಟುಕೊಳವೆಗಳಲ್ಲಿ ಪಾಲಿತ್ತು, ಒಳ್ಳೆಯ ಪೇಟೆಗಳ ಕಡೆಗೆ ಕಾಯ್ದಿರಿಸಿದ ಜಾಗವೂ ಇತ್ತು.

ಕಡಲಿನ ಕಡೆಗೂ ಒಂದು ಬಾಗಿಲು ತೆರೆದಿತ್ತು, ಅದರ ಒಂದು ಎಳೆ ನಮ್ಮ ತನಕ ಬರುತ್ತದೆ. ಮೇರಿಲ್ಯಾಂಡ್‌ನ ಕೋವ್ ಪಾಯಿಂಟ್ ಬಂದರಿನಿಂದ ವರ್ಷಕ್ಕೆ 23 ಲಕ್ಷ ಟನ್, ಲೂಯಿಸಿಯಾನದ ಸಬೀನ್ ಪಾಸ್‌ನಿಂದ 35 ಲಕ್ಷ ಟನ್ ದ್ರವೀಕೃತ ಅನಿಲಕ್ಕೆ ಭಾರತದ ಗೇಲ್ ಇಪ್ಪತ್ತು ವರ್ಷಗಳ ಕರಾರು ಮಾಡಿಕೊಂಡಿದೆ. ಕೋವ್ ಪಾಯಿಂಟ್ ಅಪಲಾಚಿಯಾಕ್ಕೆ ತೀರ ಹತ್ತಿರದ ಬಂದರು. ಆ ಕರಾರುಗಳ ಮೊದಲ ಹಡಗು 2018ರ ಮಾರ್ಚ್ ಕೊನೆಯಲ್ಲಿ ಸಬೀನ್ ಪಾಸ್‌ನಿಂದ ಮಹಾರಾಷ್ಟ್ರದ ದಾಭೋಳಕ್ಕೆ ಬಂತು. 2013ರಿಂದ ಬೆಳಗಾವಿ, ಧಾರವಾಡ, ದಾವಣಗೆರೆ ಹಾದು ಬೆಂಗಳೂರಿಗೆ ಬರುವ ಗೇಲ್ ಕೊಳವೆ ಹೊರಡುವುದು ಅದೇ ದಾಭೋಳದಿಂದ.

ದಕ್ಷಿಣಕ್ಕೆ ಕೊನೆಗೂ ಸಾಗಿದ್ದು ಮೌಂಟನ್ ವ್ಯಾಲಿ ಕೊಳವೆ. 303 ಮೈಲಿ ಉದ್ದ, ದಿನಕ್ಕೆ 200 ಕೋಟಿ ಘನ ಅಡಿ. 2017ರಲ್ಲಿ ಒಪ್ಪಿಗೆ ಸಿಕ್ಕಾಗ 350 ಕೋಟಿ ಡಾಲರ್‌ನ ಯೋಜನೆ ಮುಗಿಯುವಾಗ ಅದರ ಎರಡರಷ್ಟನ್ನೂ ದಾಟಿತ್ತು. ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡಿದ್ದ ಅದನ್ನು ಬಿಡಿಸಲು ಸಂಸತ್ತೇ ಬೇಕಾಯಿತು: ಪಶ್ಚಿಮ ವರ್ಜೀನಿಯಾದ ಸೆನೆಟರ್ ಜೋ ಮಾಂಚಿನ್ ಅವರ ಒತ್ತಾಯದಿಂದ, ದೇಶದ ಸಾಲದ ಮಿತಿ ಏರಿಸುವ 2023ರ ಕಾಯ್ದೆಯೊಳಗೆ ಈ ಒಂದು ಕೊಳವೆಗೆ ಎಲ್ಲ ಪರವಾನಗಿ ಕೊಡತಕ್ಕದ್ದು ಎಂಬ ವಿಧಿಯನ್ನು ತುರುಕಿದರು. 2024ರ ಜೂನ್ 14ರಂದು ಅನಿಲ ಹರಿಯಿತು. ಮರುತಿಂಗಳೇ ಇಕ್ಯೂಟಿ, 2018ರಲ್ಲಿ ತಾನೇ ಬೇರೆ ಹಾಕಿದ್ದ ಕೊಳವೆ ಕಂಪನಿ ಇಕ್ವಿಟ್ರಾನ್ಸನ್ನು ಮರಳಿ ಕೊಂಡು ಒಳಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಇಕ್ಯೂಟಿಯ ಚುಕ್ಕಾಣಿ ಹಿಡಿದಿದ್ದವರು ಟೋಬಿ ರೈಸ್, 2017ರಲ್ಲಿ ಅದಕ್ಕೆ ಕಂಪನಿ ಮಾರಿದ ಅಣ್ಣತಮ್ಮಂದಿರಲ್ಲೊಬ್ಬರು. ಸ್ಟೋನ್ ಹರಾಜಿನಲ್ಲಿ ಸೋತಿದ್ದ ಟಗ್ ಹಿಲ್ ಕೂಡ ಆ ವೇಳೆಗೆ ಇಕ್ಯೂಟಿಯ ಹೊಟ್ಟೆ ಸೇರಿತ್ತು, ತನ್ನ ಬಾವಿಗಳ ಜತೆಗಿನ ಒಟ್ಟುಕೊಳವೆಗಳೂ ಸೇರಿದಂತೆ.

ಮೌಂಟನ್ ವ್ಯಾಲಿ ಕೊಳವೆ ದಕ್ಷಿಣ ವರ್ಜೀನಿಯಾದ ಪಿಟ್ಸಿಲ್ವೇನಿಯಾ ಕೌಂಟಿಯಲ್ಲಿ ಟ್ರಾನ್ಸ್‌ಕೊ ಎಂಬ ಹಳೆಯ ಹೆಗ್ಗೊಳವೆಯನ್ನು ಸೇರಿ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಕೆರೊಲಿನಾ, ಜಾರ್ಜಿಯಾಗಳ ಕಡೆ ಹೋಗಲು ಟ್ರಾನ್ಸ್‌ಕೊದಲ್ಲಿ ಜಾಗ ಸಾಲದು. ಅದನ್ನು ಹಿಗ್ಗಿಸುವ ಯೋಜನೆಯಲ್ಲೂ ಜಾಗವನ್ನು ದೀರ್ಘಾವಧಿಯ ಕರಾರಿಗೆ ಸಹಿ ಹಾಕಬಲ್ಲ ದೊಡ್ಡ ಗಿರಾಕಿಗಳು ಮೊದಲೇ ಕಾಯ್ದಿರಿಸಿಕೊಂಡಿದ್ದಾರೆ.